ಅಟ್ಟದ ಕಡತ, ಊರಿನ ಚರಿತ್ರೆ

ಪ್ರಶ್ನೆ: ನಮ್ಮ ಮನೆಯ ಅಟ್ಟದಲ್ಲಿ ಹಳೆಯ ಕಡತವೊಂದು ಸಿಕ್ಕಿದೆ. ಊರ ಜಾತ್ರೆಯಲ್ಲಿ ಏರ್ಪಡಿಸುವ ಚರಿತ್ರೆಯ ಪ್ರದರ್ಶನದಲ್ಲಿ ಇದನ್ನು ಇಡಬಹುದೇ? ಬೇರೆ ದಾಖಲೆಗಳನ್ನು ಎಲ್ಲಿ ಹುಡುಕಬೇಕು? (ಮಂಡ್ಯ ಜಿಲ್ಲೆಯ ಓದುಗರು)

ಉತ್ತರ: ಕಡತವೆಂದರೆ ಬಟ್ಟೆಯಿಂದ ಮಾಡಿದ ಹಳೆಯ ಕಾಲದ ಮಡಿಕೆ ಪುಸ್ತಕ. ಮೊದಲಿಗೆ, ಅದನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಾಡಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದುದರಿಂದ, ಅಕ್ಷರಗಳು ಸ್ಲೇಟಿನ ಮೇಲಿನವುಗಳಂತೆಯೇ ಅಳಿಸಿಹೋಗುತ್ತವೆ. ಮುತ್ತಜ್ಜನ ಲೆಕ್ಕವೆಲ್ಲ ಒಂದೇ ಉಜ್ಜಿಗೆ ಮಾಯವಾದೀತು. ಮೂಲವನ್ನು ಜಾತ್ರೆಯ ದೂಳಿಗೆ ಒಡ್ಡದೆ, ಛಾಯಾಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ, ಪಕ್ಕದಲ್ಲಿ ಇಂದಿನ ಲಿಪಿಯ ಪಾಠವನ್ನು ಕೊಡುವುದೇ ಸೂಕ್ತ.

ಶಾಸನಗಳಿಗಾಗಿ ಶಾಸನತಜ್ಞ ಬಿ. ಎಲ್. ರೈಸ್ ಅವರು 1886ರಲ್ಲಿ ಪ್ರಕಟಿಸಲು ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳನ್ನು ನೋಡಿ. ಅಲ್ಲಿ ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿರುವುದರಿಂದ ನಿಮ್ಮ ಊರನ್ನು ಹುಡುಕುವುದು ಕಷ್ಟವಲ್ಲ. ಹಳೆಯ ಮೈಸೂರು ಸರ್ಕಾರದ ಆಡಳಿತ ದಾಖಲೆಗಳು (ಅವಕ್ಕೂ ಕಡತವೆಂದೇ ಹೆಸರು!) ರಾಜ್ಯ ಪತ್ರಾಗಾರ ಇಲಾಖೆಯಲ್ಲಿವೆ. ಕೆರೆಯ ದುರಸ್ತಿಗೆ ಗ್ರಾಮಸ್ಥರು ಸಲ್ಲಿಸಿದ ಒಂದು ಅರ್ಜಿ ಅಲ್ಲಿ ದೊರೆತರೂ, ರಾಜರ ವಂಶಾವಳಿಗಿಂತ ಅದರ ಪ್ರತಿಯನ್ನೇ ಮುಂದೆ ಇಡಿ.