ಪೂಜೆ ಮಾಡಿದ ವಿಗ್ರಹ ಕೊಳ್ಳಬೇಕಾ?

ಮುಂಬೈಯ ಹಳೆಯ ಸಾಮಾನಿನ ಸಂತೆ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಿತ್ತಾಳೆಯ ಲಕ್ಷ್ಮಿ ನೋಡಿದೆ, ಹಣೆಯ ಸಂದಿಯಲ್ಲಿ ಇನ್ನೂ ಕುಂಕುಮ ಇದೆ, ತಂದು ಶೋಕೇಸಿನಲ್ಲಿ ಇಡಬಹುದಾ ಅಂತ ಕೇಳಿದ್ದೀರಿ. ನಾನಾದರೆ ತರುವುದಿಲ್ಲ.

ಹದಿನೈದು ವರ್ಷದಿಂದ ಮಾಟುಂಗಾದ ನಮ್ಮ ಪುಟ್ಟ ಮನೆಯಲ್ಲಿ ಹಳೆಯ ಸಾಮಾನು ಕೂಡಿಸುತ್ತಿದ್ದೇನೆ. ನನಗೆ ಇಷ್ಟ ಸೇರು, ಪಾವು, ಅಡಕತ್ತರಿ. 1956ರ ಕಾನೂನು ಬಂದು ಕಿಲೋ, ಲೀಟರ್ ಬಳಕೆಗೆ ಬಂದ ಮೇಲೆ ಈ ಅಳತೆಯ ಪಾತ್ರೆಗಳು ನಿಧಾನವಾಗಿ ಅಟ್ಟ ಸೇರಿದವು. ಅಕ್ಕಿ ಅಳೆದು ಅಳೆದು ಬಾಯಿಯ ಅಂಚು ಸವೆದಿರುತ್ತದೆ ನೋಡಿ, ಅದನ್ನು ಬೆರಳಲ್ಲಿ ಸವರಿದರೆ ಒಂದು ಅಡುಗೆಮನೆಯೇ ಕಣ್ಣ ಮುಂದೆ ಬರುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಹಳೆಯ ಪಾತ್ರೆಯ ಆ ಮಂಕು ಬಣ್ಣ ಬರೋಕೆ ವರ್ಷಗಳು ಬೇಕು.

ಆದರೆ ಕುಂಕುಮ ಇರುವ ವಿಗ್ರಹ ಬೇರೆ. ಯಾರೋ ದಿನಾ ಕೈಮುಗಿದದ್ದು, ಅಲ್ವಾ? ಅವರಾಗಿಯೇ ಕೊಟ್ಟರೋ, ಕದ್ದು ತಂದರೋ ಗೊತ್ತಾಗುವುದಿಲ್ಲ. ಯಾರದೋ ಮನೆಯ ಮದುವೆ ಫೋಟೋಗಳನ್ನೂ ನಾನು ಇದೇ ಕಾರಣಕ್ಕೆ ಮುಟ್ಟುವುದಿಲ್ಲ. ದಂತದ ಸಾಮಾನಂತೂ ಬೇಡವೇ ಬೇಡ, ಅದರ ವ್ಯಾಪಾರಕ್ಕೇ ನಿಷೇಧ ಇದೆ.

ಇನ್ನೊಂದು ಮಾತು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಲೋಹದ ವಿಗ್ರಹವನ್ನು ಪುರಾತತ್ವ ಇಲಾಖೆಯಲ್ಲಿ ನೋಂದಾಯಿಸಬೇಕು, ಮಾರುವವರಿಗೂ ಲೈಸೆನ್ಸ್ ಬೇಕು. "ಇನ್ನೂರು ವರ್ಷ ಹಳೇದು" ಅಂತ ಅಂಗಡಿಯವರು ಹೇಳಿದರೆ ಮೊದಲು ಕಾಗದ ಕೇಳಿ. ಕಾಗದ ಇಲ್ಲ ಅಂದರೆ ಸುಮ್ನೆ ಬಂದುಬಿಡಿ. ಅದೇ ಸಾಲಿನಲ್ಲಿ ಹುಡುಕಿದರೆ ಒಳ್ಳೆಯ ಪಾವು ಸಿಗಬಹುದು.