80 ಸ್ಲೈಡ್ ಕೊಟ್ಟು ‘ಕೋರ್ಸ್ ಮಾಡಿ’ ಅಂದರೆ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮೆಡಿಕಲ್ ಶಾಪ್‌ಗಳ ಚೈನ್ ಒಂದರಲ್ಲಿ ಎಚ್‌ಆರ್ ನೋಡಿಕೊಳ್ಳುತ್ತೇನೆ. 14 ಅಂಗಡಿ, 70 ಜನ. ಎಕ್ಸ್‌ಪೈರಿ ಆದ ಮಾಲು ರ‍್ಯಾಕ್‌ನಲ್ಲೇ ಉಳಿದು ಪ್ರತಿ ತಿಂಗಳೂ ನಷ್ಟ. ಮಾಲೀಕರು 80 ಸ್ಲೈಡಿನ ಪಿಪಿಟಿ ಕೊಟ್ಟು, ಇದನ್ನೇ ಆನ್‌ಲೈನ್ ಕೋರ್ಸ್ ಮಾಡಿ ಅಂದಿದ್ದಾರೆ. ಪಾಠ ರೂಪಿಸುವುದಕ್ಕೆ ಆ್ಯಡಿ ಮಾಡೆಲ್ ಬಳಸಲೋ, ಸ್ಯಾಮ್ ಮಾಡೆಲ್ ಬಳಸಲೋ?

ಉತ್ತರ: ಯಾವುದಾದರೂ ನಡೆಯುತ್ತದೆ. ಆದರೆ ನಿಮ್ಮ ಮಾಲೀಕರು ನೇರ ಮೂರನೇ ಮೆಟ್ಟಿಲಿಗೆ ಹಾರಿದ್ದಾರೆ. ಆ್ಯಡಿ ಅಂದರೆ ಅನಾಲಿಸಿಸ್, ಡಿಸೈನ್, ಡೆವಲಪ್‌ಮೆಂಟ್, ಇಂಪ್ಲಿಮೆಂಟೇಶನ್, ಇವ್ಯಾಲ್ಯುಯೇಶನ್: ತೊಂದರೆ ಏನೆಂದು ನೋಡು, ಪಾಠದ ನಕ್ಷೆ ಹಾಕು, ಪಾಠ ತಯಾರಿಸು, ಕಲಿಸು, ಫಲ ಅಳೆ. 1975ರ ಹೊತ್ತಿಗೆ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯವರು ಅಮೆರಿಕದ ಸೇನೆಗೆ ಮಾಡಿಕೊಟ್ಟ ತರಬೇತಿ ಪದ್ಧತಿಯಿಂದ ಬಂದದ್ದು. ಇದರಲ್ಲಿ ಜನ ಜಾಸ್ತಿ ಬಿಟ್ಟುಬಿಡುವುದು ಮೊದಲನೆಯದನ್ನೇ. ನಾನೂ ಬಿಟ್ಟಿದ್ದೆ.

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ನಡೆದದ್ದು. ಹೊಲಿಯುವಾಗ ಸೂಜಿ ಮುರಿದರೆ ಎಲ್ಲ ಚೂರೂ ಹುಡುಕಿ ರಿಜಿಸ್ಟರ್‌ಗೆ ಅಂಟಿಸಬೇಕು. ಆಮೇಲೇ ಹೊಸ ಸೂಜಿ. ಮಗುವಿನ ಅಂಗಿಯಲ್ಲಿ ಚೂರು ಉಳಿದರೆ ಏನು ಗತಿ ಹೇಳಿ. ಆದರೂ ಕೆಲವರು ಮುಚ್ಚಿಡುತ್ತಿದ್ದರು. ನಾನು ವಿಡಿಯೊ, ಕ್ವಿಜ್ ಎಲ್ಲ ಹಾಕಿ 40 ನಿಮಿಷದ ಕ್ಲಾಸ್ ಮಾಡಿದೆ. ಹೆಚ್ಚುಕಮ್ಮಿ ಎಲ್ಲರಿಗೂ ಫುಲ್ ಮಾರ್ಕ್ಸ್. ರಿಜಿಸ್ಟರ್ ಮಾತ್ರ ಮೊದಲಿನ ಹಾಗೇ ಖಾಲಿ ಖಾಲಿ. ಕೊನೆಗೆ ಒಂದು ದಿನ ಲೈನ್ ಪಕ್ಕ ಸುಮ್ನೆ ಕೂತು ನೋಡಿದೆ. ಸೂಜಿ ಕೊಡುವ ಕೌಂಟರ್ ಹಾಲ್‌ನ ಆ ತುದಿಯಲ್ಲಿ. ಹೋಗಿ ಬರುವಷ್ಟರಲ್ಲಿ ಮಿಷನ್ ಮುಂದೆ ಬಂಡಲ್ ರಾಶಿ, ಮೇಲೆ ಸೂಪರ್‌ವೈಸರ್ ಬೈಗುಳ. ಒಬ್ಬರು ಹೇಳಿದರು: “ನಿಮ್ಮ ಕ್ಲಾಸ್ ಚೆನ್ನಾಗಿತ್ತು ಸರ್. ಸೂಜಿ ತರೋಕೆ ಹೋದ್ರೆ ನನ್ ಟಾರ್ಗೆಟ್ ಯಾರು ಮುಗಿಸ್ತಾರೆ?” ಪ್ರತಿ ಲೈನ್‌ಗೂ ಒಂದು ಸೂಜಿ ಡಬ್ಬಿ, ಒಂದು ರಿಜಿಸ್ಟರ್ ಇಟ್ಟ ಮೇಲೆ ಚೂರುಗಳು ತಾವಾಗಿ ಬರತೊಡಗಿದವು.

ರಾಬರ್ಟ್ ಮೇಗರ್ ಎಂಬ ಅಮೆರಿಕದ ತಜ್ಞರ ಪ್ರಶ್ನೆ ಒಂದಿದೆ. ಪ್ರಾಣಕ್ಕೆ ಬಂದರೆ ಇವನು ಈ ಕೆಲಸ ಮಾಡಬಲ್ಲನೇ? ಮಾಡಬಲ್ಲ ಅಂದರೆ ಕಲಿಸಿ ಉಪಯೋಗವಿಲ್ಲ, ತೊಂದರೆ ಬೇರೆಲ್ಲೋ ಇದೆ.

ಹಾಗಾಗಿ ಮಾಲು ಬರುವ ದಿನ ಎರಡು ಅಂಗಡಿಗೆ ಹೋಗಿ ನಿಂತುಕೊಳ್ಳಿ. ಹುಡುಗರು ಹೊಸ ಬಾಕ್ಸ್ ಮುಂದಿಟ್ಟು ಹಳೆಯದನ್ನು ಹಿಂದೆ ತಳ್ಳುತ್ತಾರಾ? ಗೊತ್ತಿಲ್ಲದೆಯೋ, ಗಿರಾಕಿ ಕಾಯುತ್ತಿದ್ದಾರೆ ಅಂತಲೋ? ಗಡಿಬಿಡಿಯೇ ಕಾರಣವಾದರೆ ಮಾಲು ಜೋಡಿಸುವ ಸಮಯ ಬದಲಿಸಿ. ಡಿಸ್ಟ್ರಿಬ್ಯೂಟರ್ ವಾಪಸ್ ತೆಗೆದುಕೊಳ್ಳುವ ಗಡುವು ಯಾರಿಗೂ ನೆನಪಿರುವುದಿಲ್ಲ ಅಂದರೆ ಅದಕ್ಕೆ ಕೋರ್ಸ್ ಬೇಡ, ಗೋಡೆಗೆ ಒಂದು ಹಾಳೆ ಸಾಕು.

ಇಷ್ಟೆಲ್ಲ ಕಳೆದು ಉಳಿದದ್ದನ್ನು ಕಲಿಸಿ. ‘ಎಕ್ಸ್‌ಪೈರಿ ಬಗ್ಗೆ ತಿಳಿಯುವುದು’ ಅಂತ ಗುರಿ ಬರೆಯಬೇಡಿ. ತಿಳಿದದ್ದು ಕಣ್ಣಿಗೆ ಕಾಣುವುದಿಲ್ಲ, ಮಾಡಿದ್ದು ಕಾಣುತ್ತದೆ. ‘ಬಿಡಿ ಮಾತ್ರೆ ಕೊಡುವಾಗ ಎಕ್ಸ್‌ಪೈರಿ, ಬ್ಯಾಚ್ ನಂಬರ್ ಇರುವ ತುದಿ ಅಂಗಡಿಯಲ್ಲೇ ಉಳಿಯುವಂತೆ ಕತ್ತರಿಸುವುದು’ ಅಂತ ಬರೆಯಿರಿ. ಪಾಠವೂ ಅದರಿಂದಲೇ ಹುಟ್ಟುತ್ತದೆ: ಫೋನಿನಲ್ಲಿ ಒಂದು ಸ್ಟ್ರಿಪ್‌ನ ಫೋಟೊ, ಗಿರಾಕಿ ನಾಲ್ಕು ಮಾತ್ರೆ ಕೇಳಿದ್ದಾರೆ, ಕತ್ತರಿ ಎಲ್ಲಿ ಹಾಕುತ್ತೀರಿ? ತಪ್ಪು ಜಾಗ ಮುಟ್ಟಿದರೆ ತಾರೀಖೇ ಇಲ್ಲದ ತುಂಡು ಡಬ್ಬದಲ್ಲಿ ಬಿದ್ದಿರುವುದನ್ನು ತೋರಿಸಿ. ಮೂರು ನಾಲ್ಕು ನಿಮಿಷದ ಪಾಠ ಸಾಕು.

ಅಮೆರಿಕದ ಇ-ಲರ್ನಿಂಗ್ ತಜ್ಞ ಮೈಕೆಲ್ ಆಲನ್ ಅವರ ಸ್ಯಾಮ್ (ಸಕ್ಸೆಸಿವ್ ಅಪ್ರಾಕ್ಸಿಮೇಶನ್ ಮಾಡೆಲ್) ಇಲ್ಲಿ ಕೆಲಸಕ್ಕೆ ಬರುತ್ತದೆ. ಅರೆಬರೆ ಮಾಡಿ ತೋರಿಸು, ತಿದ್ದು, ಮತ್ತೆ ತೋರಿಸು, ಅಷ್ಟೇ ಅದರ ಗುಟ್ಟು. ಮೊದಲ ಪಾಠವನ್ನು ನಿಮ್ಮ ಫೋನಿನಲ್ಲೇ ಮಾಡಿ ಮೂವರು ಹುಡುಗರ ಕೈಗೆ ಕೊಡಿ. ಅವರು ಎಲ್ಲಿ ತಡವರಿಸುತ್ತಾರೋ ನೋಡಿ. ಸ್ಟುಡಿಯೊಗೆ ದುಡ್ಡು ಸುರಿಯುವುದು ಆಮೇಲೆ.

ಫಲ ಅಳೆಯುವುದಕ್ಕೆ ಅಮೆರಿಕದ ತರಬೇತಿ ತಜ್ಞ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಹೇಳಿದ ನಾಲ್ಕು ಹಂತಗಳಿವೆ: ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ಮಾಡುತ್ತಿದ್ದಾರಾ, ಲಾಭ ಕಂಡಿತಾ. ನನ್ನ ಸೂಜಿ ಕ್ಲಾಸ್ ಎರಡನೆಯದರಲ್ಲೇ ನಿಂತಿತ್ತು, ಅಲ್ವಾ? ನಾಲ್ಕನೆಯದು ನಿಮಗೆ ಸುಲಭ, ಎಕ್ಸ್‌ಪೈರಿ ನಷ್ಟದ ಲೆಕ್ಕ ಕಂಪ್ಯೂಟರ್‌ನಲ್ಲೇ ಇದೆ. ಕೋರ್ಸ್ ಶುರುವಾಗುವ ಮೊದಲೇ ಕಳೆದ ಮೂರು ತಿಂಗಳ ಲೆಕ್ಕ, ಅಂಗಡಿವಾರು, ತೆಗೆದಿಡಿ. ಮಾಲೀಕರ ಹತ್ತಿರ 80 ಸ್ಲೈಡ್ ಯಾಕೆ ಬೇಡ ಅಂತ ಮಾತಾಡಲು ಹೋಗುವಾಗ ಆ ಹಾಳೆ ಕೈಯಲ್ಲಿರಲಿ.