ನರ್ಸಿಂಗ್ ಪಾಠವನ್ನು ‘ಮುಕ್ತ’ವಾಗಿಡುವುದು ಅಂದರೆ ಏನು? ಸುಮ್ನೆ ಆನ್‌ಲೈನ್‌ಗೆ ಹಾಕಿದರೆ ಸಾಕಾ?

ಸಾಲದು. ಬೇರೆಯವರು ಅದನ್ನು ತಿದ್ದಿ, ಅನುವಾದಿಸಿ ಹಂಚಲು ಅನುಮತಿಯೂ ಇರಬೇಕು. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಇರುವುದು ಇದಕ್ಕೇ. ಉಚಿತ ಪಠ್ಯಪುಸ್ತಕ ಪ್ರಕಟಿಸುವ ಓಪನ್‌ಸ್ಟ್ಯಾಕ್ಸ್ ಸಂಸ್ಥೆಯ ‘ಅನಾಟಮಿ ಅಂಡ್ ಫಿಸಿಯಾಲಜಿ’ ಪುಸ್ತಕ ಇಂಥ ಲೈಸೆನ್ಸ್‌ನಲ್ಲೇ 2013ರಿಂದ ಉಚಿತವಾಗಿ ಸಿಗುತ್ತಿದೆ. ಮೂಲ ಯಾರದ್ದು ಅಂತ ಹೇಳಿ, ಅದರ ಹೃದಯದ ಚಿತ್ರಕ್ಕೆ ಕೋಲಾರದ ಟೀಚರ್ ಕನ್ನಡದಲ್ಲಿ ಹೆಸರು ಬರೆದು ಕ್ಲಾಸಿನಲ್ಲಿ ಹಂಚಬಹುದು. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಗೆ ಅದು ಎಷ್ಟು ದೊಡ್ಡ ಸಹಾಯ ಅಲ್ವಾ!

ನನಗೆ ಜಾಸ್ತಿ ಇಷ್ಟ ಆಗುವುದು, ವಿದ್ಯಾರ್ಥಿಗಳೇ ಪಾಠ ಬರೆಯುವುದು. ಭೇದಿಯಾದಾಗ ಕುಡಿಸುವ ಓಆರ್‌ಎಸ್ ಪುಡಿ ಕಲಸುವುದನ್ನೇ ತಗೊಳ್ಳಿ. ದೊಡ್ಡ ಪ್ಯಾಕೆಟ್ಟಿಗೆ ಒಂದು ಲೀಟರ್ ನೀರು, ಚಿಕ್ಕದಕ್ಕೆ 200 ಮಿಲಿ. ಮಾಲೂರಿನ ಹಳ್ಳಿಯ ತಾಯಿಗೆ ಅರ್ಥವಾಗುವ ಹಾಗೆ ಒಬ್ಬರು ಬರೆಯಲಿ, ಟೀಚರ್ ತಿದ್ದಲಿ, ಮುಂದಿನ ಬ್ಯಾಚ್ ಅದನ್ನೇ ಬೆಳೆಸಲಿ.

ರೋಗಿಯ ಫೋಟೊ ಮಾತ್ರ ಒಪ್ಪಿಗೆ ಇಲ್ಲದೆ ಹಾಕಲೇಬೇಡಿ.